ಡೋಲು ನಿಂತ ಒಂದು ನಿಮಿಷ

ಫಾಲ್ಗುಣದಲ್ಲಿ ಹಿಂದೂಪುರದ ಮಾರ್ಕೆಟ್ ಯಾರ್ಡಿನ ಮುಂದೆ ಹಾದುಹೋಗುವವರು ಸೆರಗನ್ನೋ ಟವೆಲನ್ನೋ ಮೂಗಿಗೆ ಹಿಡಿದೇ ಹೋಗುತ್ತಾರೆ. ಒಣಮೆಣಸಿನಕಾಯಿಯ ಮೂಟೆಗಳು ಇಳಿಯುವ ಕಾಲ ಅದು. ಗಾಳಿಯೇ ಖಾರ. ಹೋದ ವರ್ಷ ಗೌರಿಬಿದನೂರಿನಿಂದ ಬಂದು ಅಲ್ಲಿ ಬಸ್ಸಿಳಿದಾಗ ಮೊದಲನೇ ಸೀನಿಗೇ ನನ್ನ ಕೈ ಎಡಗೆನ್ನೆಯ ಹಳೇ ಗಾಯದ ಗುರುತಿಗೆ ಹೋಯಿತು. ಹದಿನೈದು ವರ್ಷವಾಗಿದೆ. ಆದರೂ ಈ ಘಾಟು ಬಡಿದರೆ ಸಾಕು, ಕಲ್ಯಾಣದುರ್ಗದ ಆ ಬೀದಿ ಕಣ್ಣಿಗೆ ಬರುತ್ತದೆ, ರಕ್ತದಲ್ಲಿ ನೆನೆದ ಓಬುಳೇಶಣ್ಣನ ಬಿಳೀ ಯೂನಿಫಾರಂ ಬರುತ್ತದೆ, ಮತ್ತು ನನಗೆ ಯಾರನ್ನಾದರೂ ಹಿಡಿದು ಬಾರಿಸಬೇಕು ಅನ್ನಿಸುತ್ತದೆ.

ಆ ವರ್ಷ ನನಗೆ ಇಪ್ಪತ್ತನಾಲ್ಕು. ಹಿಂದೂಪುರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳ ಮಿಕ್ಸಿಂಗ್ ಕೆಲಸ ಮಾಡುತ್ತಿದ್ದೆ. ಕ್ಯಾಮೆರಾದವರು ತಂದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು, ಬೇಡದ್ದನ್ನು ಕತ್ತರಿಸುವುದು, ಗಂಡುಹೆಣ್ಣನ್ನು ಕೆಂಪು ಹೃದಯದೊಳಗೆ ಕೂರಿಸಿ ಗಿರಗಿರ ತಿರುಗಿಸುವುದು. ಆದರೆ ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಒಂದಿತ್ತು. ಮದುವೆ ಮನೆಯ ಸದ್ದನ್ನು ಪೂರ್ತಿ ಅಳಿಸಬೇಕು. ಅಡುಗೆಯವರ ಕೂಗು, ಮಕ್ಕಳ ಅಳು, ಬೀಗರ ಬೈಗುಳ ಯಾರಿಗೂ ಬೇಡ. ಅದನ್ನು ಒರೆಸಿ ಮೇಲೆ ಸಿನಿಮಾ ಹಾಡು ಹಾಕಬೇಕು. ಆಮೇಲೆ ಅದೇ ಕ್ಯಾಸೆಟ್ಟು ಇನ್ನೊಂದು ಮದುವೆಗೆ ಹೋಗುತ್ತಿತ್ತು. ನಮ್ಮ ಓನರು ನಾಗರಾಜಣ್ಣ ನನಗೆ ಕಲಿಸಿದ ಮೊದಲ ಪಾಠವೇ ಅದು. ನಾನೂ ಹಾಗೇ ಮಾಡಿಕೊಂಡು ಬಂದೆ. ಮೂರು ವರ್ಷದಲ್ಲಿ ಎಷ್ಟು ಮದುವೆಗಳ ಬಾಯಿ ಮುಚ್ಚಿಸಿದೆನೋ ಲೆಕ್ಕ ಇಟ್ಟವಳಲ್ಲ.

ಅಳಿಸುವ ಮುಂಚೆ ಒಂದು ಸಾರಿ ಕೇಳಬೇಕಲ್ಲ. ಹಾಗೆ ಕೇಳುವಾಗಲೇ ನನಗೆ ಓಬುಳೇಶಣ್ಣ ಸಿಕ್ಕಿದ್ದು. ಅವನು ಇಮಾಂ ಸಾಬರ ಬ್ಯಾಂಡ್ ಸೆಟ್ಟಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ. ಕಲ್ಯಾಣದುರ್ಗದವನು, ಐವತ್ತರ ಹತ್ತಿರ, ಕಡ್ಡಿಯಂಥ ಆಳು. ಊದುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿರುತ್ತಿದ್ದ. ಎಲ್ಲರೂ ಸಿನಿಮಾ ಹಾಡನ್ನು ಇದ್ದದ್ದು ಇದ್ದ ಹಾಗೆ ಊದಿದರೆ ಇವನು ಎರಡು ಸಾಲು ಊದಿ ಅಲ್ಲಿಂದ ಎದ್ದು ಹೋಗುತ್ತಿದ್ದ. ಎಲ್ಲಿಗೋ ಹೋಗಿ, ಯಾರ ಜೊತೆಗೋ ಜಗಳಾಡಿ, ಅತ್ತು, ನಕ್ಕು, ಇನ್ನೇನು ದಾರಿ ತಪ್ಪಿದ ಅನ್ನುವಾಗ ಸರಿಯಾಗಿ ಹಾಡಿನ ಬಾಗಿಲಿಗೇ ಬಂದು ನಿಲ್ಲುತ್ತಿದ್ದ. ಅದಕ್ಕೆ ಜಾಝ್ ಅನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅವನಿಗೆ ಕಲಿಸಿದವರು ಗುಂತಕಲ್ಲಿನ ರೈಲ್ವೆ ಕಾಲೊನಿಯ ಒಬ್ಬ ಮುದುಕ ಆಂಗ್ಲೋ ಇಂಡಿಯನ್ ರೈಲು ಡ್ರೈವರ್. ಅವರು ಹೇಳುತ್ತಿದ್ದರಂತೆ: ಹಗಲೆಲ್ಲಾ ಕಂಬಿ ಮೇಲೆ ಓಡಿಸ್ತೀನಿ, ಸಾಯಂಕಾಲವಾದರೂ ಕಂಬಿ ಬಿಟ್ಟು ಓಡಬೇಡವೇನೋ.

ಆದರೆ ಕಂಬಿ ಬಿಟ್ಟ ಹಾಡನ್ನು ಮದುವೆ ಮೆರವಣಿಗೆಯಲ್ಲಿ ಕೇಳುವವರು ಯಾರು? ಅದೂ ಬೆನ್ನಿಗೇ ಒಂದು ಡೋಲು, ಸುತ್ತ ನಾಲ್ಕು ತಮಟೆ ಕಿವಿ ಹರಿಯುವ ಹಾಗೆ ಬಡಿಯುತ್ತಿರುವಾಗ. ಆ ಮಾಘದಲ್ಲಿ ರೊದ್ದಂನಲ್ಲಿ ಒಂದು ಮದುವೆಯಾಯಿತು. ಮದುಮಗನ ಗೆಳೆಯರು ಕುಣಿಯಲು ಹಾಡು ಕೇಳಿದರು. ಓಬುಳೇಶಣ್ಣ ಶುರು ಮಾಡಿದ, ತನ್ನ ದಾರಿ ಹಿಡಿದ. ಕುಣಿಯುತ್ತಿದ್ದವರ ಕಾಲು ತಪ್ಪಿತು. ಒಬ್ಬ ಬಂದು ಅವನ ಕಪಾಳಕ್ಕೆ ಬಿಟ್ಟ. "ಪಾಟ ಸರಿಗ್ಗಾ ಊದ್ರಾ" ಎಂದ, ಹಾಡು ಸರಿಯಾಗಿ ಊದೋ ಎಂದು ತೆಲುಗಿನಲ್ಲಿ. ಇನ್ನೊಬ್ಬ ಅವನ ಕುತ್ತಿಗೆಗೆ ಹಾಕಿದ್ದ ಸ್ಯಾಕ್ಸೋಫೋನಿನ ಬೆಲ್ಟು ಹಿಡಿದು ಎಳೆದ. ಓಬುಳೇಶಣ್ಣ ಬಾಯಲ್ಲಿ ಬಂದ ರಕ್ತ ಉಗಿದು, ಅದೇ ಹಾಡನ್ನು ಮತ್ತೆ ಶುರು ಮಾಡಿ, ಮತ್ತೆ ತನ್ನ ದಾರಿಗೇ ಹೋದ. ಇದನ್ನೆಲ್ಲ ನಾನು ಸ್ಟುಡಿಯೋದಲ್ಲಿ ಕೂತು ಪರದೆಯ ಮೇಲೆ ನೋಡಿದೆ. ನೋಡಿ ಕತ್ತರಿಸಿದೆ. ಸದ್ದು ಅಳಿಸಿ ಹಾಡು ಹಾಕಿದೆ.

ಅದಾದ ವಾರಕ್ಕೆ ಮಟಮಟ ಮಧ್ಯಾಹ್ನ ಅವನು ಸ್ಟುಡಿಯೋಗೆ ಬಂದ. ಮಾರ್ಕೆಟ್ಟಿನ ಕಡೆಯಿಂದ ನಡೆದು ಬಂದು ಸೀನಿ ಸೀನಿ ಕಣ್ಣು ಕೆಂಪಾಗಿತ್ತು.

"ವರಮ್ಮಾ, ರೊದ್ದದ ಮದುವೇದು ಒಂದ್ ಕಿತ ಹಾಕ್ತೀಯಾ? ನಾನ್ ಊದಿದ್ದು ನಾನು ಇದುವರ್ಗೂ ಕೇಳೇ ಇಲ್ಲ ಕಣಮ್ಮ" ಎಂದ.

"ಅದ್ರಾಗೆ ನಿಂದು ಇಲ್ಲ ಓಬುಳೇಶಣ್ಣ. ಅಳಿಸ್ಬುಟ್ಟಿದೀನಿ."

"ಗೋರಂಟ್ಲದ್ದು?"

"ಅದೂ ಇಲ್ಲ."

"ಹೋದ್ ವರ್ಸದ್ದು ಯಾವ್ದಾನ ಒಂದು?"

"ಎಲ್ಲಾನೂ ಅಳಿಸ್ತೀವಣ್ಣ. ಅದೇ ನನ್ ಕೆಲ್ಸ."

ಅವನು ಇದ್ದಕ್ಕಿದ್ದ ಹಾಗೆ ಮೇಜಿಗೆ ಗುದ್ದಿದ. ಕೀಬೋರ್ಡು ಹಾರಿ ನೆಲಕ್ಕೆ ಬಿತ್ತು. "ಹಲ್ಲು ಕಿತ್ತೋಗೋ ಹಂಗೆ ಊದ್ತೀನಿ ನಾನು. ನೀನು ಇಲ್ಲಿ ಫ್ಯಾನ್ ಕೆಳಗೆ ಕುಂತ್ಕಂಡು ಒಂದ್ ಬೆರಳ್ನಾಗೆ ಕೊಂದ್ ಹಾಕ್ತೀಯಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೈಗೆ ಸಿಕ್ಕ ಟೀ ಲೋಟ ಅವನ ಕಡೆಗೆ ಎಸೆದೆ. ಅದು ಗೋಡೆಗೆ ಬಡಿದು ಚೂರಾಯಿತು. ಅವನು ತಿರುಗಿ ನೋಡದೆ ಮೆಟ್ಟಿಲಿಳಿದು ಹೋದ. ಒಡೆದ ಗಾಜು ಗುಡಿಸುವಾಗ ನನಗೆ ನಾಚಿಕೆಯಾಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಇಷ್ಟು ವರ್ಷ ಅವನು ಊದಿದ್ದು ನನಗೊಬ್ಬಳಿಗೇ ಚೆನ್ನಾಗಿ ಕೇಳಿಸಿದ್ದು, ಅಳಿಸಿದವಳೂ ನಾನೇ. ಪೊರಕೆ ಬಿಸಾಕಿ ಓಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ.

"ಮುಂದಿನ್ ಮದುವೆ ಎಲ್ಲಣ್ಣ?"

"ನಮ್ಮೂರಾಗೇ. ಕಲ್ಯಾಣದುರ್ಗ."

"ನಾನೇ ಕ್ಯಾಮೆರಾ ಹಿಡ್ಕಂಡ್ ಬತ್ತೀನಿ. ನಿಂದು ಒಂದ್ ಅಕ್ಷರಾನೂ ಅಳ್ಸಲ್ಲ. ಆಣೆ."

ಅವನು ನಗಲಿಲ್ಲ. "ಡೋಲಿನ್ ಹಿಂದೆ ನಿಂತ್ರೆ ಏನೂ ಸಿಗಾಕಿಲ್ಲ. ನನ್ ಮಗ್ಗುಲಾಗೇ ಇರು" ಎಂದ.

ಕಲ್ಯಾಣದುರ್ಗದ ಆ ಮದುವೆಗೆ ಒಂದು ತೊಡಕಿತ್ತು. ಮೆರವಣಿಗೆ ಹೋಗಬೇಕಾದ ಬೀದಿಯಲ್ಲಿ ಒಂದು ಮನೆಯಲ್ಲಿ ಯಜಮಾನ ತೀರಿಕೊಂಡು ಆರು ದಿನವಾಗಿತ್ತು. ನಮ್ಮ ಕಡೆ ಹನ್ನೊಂದು ದಿನ ಕಳೆಯದ ಸಾವಿನ ಮನೆಯ ಮುಂದೆ ವಾದ್ಯ ಬಾರಿಸುವುದಿಲ್ಲ. ಬ್ಯಾಂಡಿನ ಮಾಸ್ಟರು ಮುಂದೆ ಹೋಗಿ ಕರ್ಚೀಫು ಎತ್ತುತ್ತಾನೆ. ಎಲ್ಲಾ ವಾದ್ಯ ನಿಲ್ಲುತ್ತದೆ. ಐದು ಮನೆ ಹಿಂದೆ, ಐದು ಮನೆ ಮುಂದೆ, ಕಾಲಿನ ಸದ್ದಲ್ಲದೆ ಇನ್ನೊಂದು ಸದ್ದಿಲ್ಲ. ಬೇರೆ ಬೀದಿಯಲ್ಲಿ ಪೈಪಿಗಾಗಿ ಅಗೆದು ಹಾಕಿದ್ದರಿಂದ ಇದೇ ದಾರಿ. ಅಲ್ಲದೆ ಆ ಸತ್ತವನ ಮನೆಗೂ ಮದುಮಗನ ಮನೆಗೂ ಒಂದು ಬೋರ್‌ವೆಲ್ಲಿನ ವಿಷಯಕ್ಕೆ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಹಿರಿಯರು ಹೋಗಿ ಕೈಮುಗಿದು, ವಾದ್ಯ ನಿಲ್ಲಿಸಿಯೇ ಹಾದುಹೋಗುತ್ತೇವೆ ಎಂದು ಮಾತು ಕೊಟ್ಟು ಬಂದಿದ್ದರು.

ಸಂಜೆ ನಾಲ್ಕು ಗಂಟೆ. ಇನ್ನೂ ಬಿಸಿಲು ನೆತ್ತಿ ಸುಡುತ್ತಿತ್ತು. ಹೆಂಗಸು ಕ್ಯಾಮೆರಾ ಹಿಡಿದದ್ದನ್ನು ನೋಡಲು ಜನ ಮದುಮಗನನ್ನೇ ಬಿಟ್ಟರು. ಹೇಳಿದ ಹಾಗೆ ನಾನು ಓಬುಳೇಶಣ್ಣನ ಮಗ್ಗುಲಲ್ಲೇ ಇದ್ದೆ. ಅವನೂ ಡೋಲಿನವನನ್ನು ಹಿಂದೆ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದಿದ್ದ. ಬೇರೆ ದಿನವಾದರೆ ವಾದ್ಯ ನಿಲ್ಲಿಸಬೇಕಾದಾಗ ಡೋಲಿನವನು ಅವನ ಬೆನ್ನಿಗೆ ಕೋಲಿನಿಂದ ತಿವಿಯುತ್ತಿದ್ದ. ಆ ದಿನ ಕೋಲು ಎಟುಕುವಷ್ಟು ಹತ್ತಿರ ಅವನಿರಲಿಲ್ಲ.

ಇಮಾಂ ಸಾಬರು ಕರ್ಚೀಫು ಎತ್ತಿದರು. ಡೋಲು ನಿಂತಿತು, ತಮಟೆ ನಿಂತಿತು. ಓಬುಳೇಶಣ್ಣ ನಿಲ್ಲಲಿಲ್ಲ.

ನಾನು ಕಿವಿಗೆ ಹೆಡ್‌ಫೋನ್ ಹಾಕಿದ್ದೆ. ಡೋಲಿಲ್ಲದೆ ಅವನನ್ನು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೂ ಕುಣಿಯುವ ಹಾಡಾಗಿದ್ದದ್ದು ನಿಧಾನವಾಯಿತು, ಕೆಳಗಿಳಿಯಿತು. ಒಂದೊಂದು ಸ್ವರದ ಹಿಂದೆ ಅವನ ಉಸಿರು ಕೇಳಿಸುತ್ತಿತ್ತು, ಬೆರಳು ಕೀಲಿಗೆ ಬಡಿಯುವ ಟಕಟಕ ಕೇಳಿಸುತ್ತಿತ್ತು. ನಿಜ ಹೇಳುತ್ತೇನೆ, ನಾನೂ ಕಣ್ಣು ಮುಚ್ಚಿಬಿಟ್ಟೆ. ನಿಲ್ಲಿಸು ಎಂದು ಅವನ ಭುಜ ಅಲುಗಿಸಬಹುದಿತ್ತು. ಅಲುಗಿಸಲಿಲ್ಲ. ಒಂದು ನಿಮಿಷ, ಇನ್ನೂ ಸ್ವಲ್ಪ ಹೆಚ್ಚೇ ಇರಬಹುದು. ಹಿಂದಿನಿಂದ ಡೋಲಿನವನು "ಓಬುಳೇಶೂ, ಆಪ್ರಾ, ಆಪು" ಎಂದು, ನಿಲ್ಲಿಸೋ ನಿಲ್ಲಿಸು ಎಂದು ಅರಚಿದ. ಕಣ್ಣು ತೆರೆದಾಗ ಆ ಮನೆಯ ದೊಡ್ಡ ಮಗ ಜಗಲಿಯಿಂದ ಹಾರಿದ್ದ. ತಲೆ ಬೋಳಿಸಿಕೊಂಡಿದ್ದ, ಮೈಮೇಲೆ ಬಿಳೀ ಪಂಚೆಯೊಂದೇ. ಕೈಯಲ್ಲಿ ಗುದ್ದಲಿಯ ಕಾವು.

"ನಮ್ಮಪ್ಪ ಸತ್ತಿದ್ದಕ್ಕೆ ಹಬ್ಬ ಮಾಡ್ತೀರೇನ್ಲಾ?"

ಮೊದಲ ಏಟೇ ಬಾಯಿಗೆ. ಸ್ಯಾಕ್ಸೋಫೋನಿನ ಮೂತಿ ಇನ್ನೂ ಬಾಯೊಳಗೇ ಇತ್ತು. ಕಾವು ಹಿತ್ತಾಳೆಗೆ ಬಡಿದು, ಹಿತ್ತಾಳೆ ಹಲ್ಲಿಗೆ ಬಡಿಯಿತು. ಆ ಸದ್ದನ್ನು ನಾನು ಹೆಡ್‌ಫೋನಿನಲ್ಲಿ ಕೇಳಿದೆ. ಅವನು ಮಂಡಿಯೂರಿ ಕುಸಿದ. ಎರಡನೇ ಏಟು ಬೆರಳಿಗೆ ಬಿತ್ತು, ಮೂರನೆಯದು ಮತ್ತೆ ಮುಖಕ್ಕೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಮೂವತ್ತು ವರ್ಷ ಊದಿದ ಬಾಯನ್ನು ಮುಗಿಸಲು ನಿಮಿಷವೂ ಬೇಕಾಗಲಿಲ್ಲ.

ಅಷ್ಟರಲ್ಲಿ ಮದುಮಗನ ಕಡೆಯವರು ನುಗ್ಗಿದರು. ಓಬುಳೇಶಣ್ಣನನ್ನು ಬಿಡಿಸಲು ಅಲ್ಲ. ಬೋರ್‌ವೆಲ್ಲಿನ ಸಿಟ್ಟು ತೀರಿಸಲು. ಬಿದ್ದವನನ್ನು ತುಳಿದುಕೊಂಡೇ ಮುಂದೆ ಹೋದರು. ಕಲ್ಲು, ಪೈಪಿನ ತುಂಡು, ಬ್ಯಾಂಡಿನವರ ಕೈಯಿಂದ ಕಿತ್ತುಕೊಂಡ ತಾಳದ ಬಿಲ್ಲೆ. ಒಳಗಿಂದ ಹೆಂಗಸರು ಮೊರಗಟ್ಟಲೆ ಖಾರದ ಪುಡಿ ತಂದು ಎರಚಿದರು. ಬೀದಿಯೆಲ್ಲ ಕೆಂಪು. ಮದುಮಗನ ಸೋದರಮಾವ ಎರಡೂ ಕಣ್ಣು ಹಿಡಿದುಕೊಂಡು ಗಿರಗಿರ ಸುತ್ತುತ್ತಿದ್ದಾಗ ಒಂದು ಕಲ್ಲು ಬಂದು ಅವನ ಎಡಗಣ್ಣನ್ನೇ ತೆಗೆಯಿತು. ಸತ್ತವನ ಚಿಕ್ಕ ಮಗನ ಕಾಲು ಮುರಿದರು. ನನ್ನ ಕೆನ್ನೆಗೆ ಏನು ಬಡಿಯಿತೋ ಈಗಲೂ ಗೊತ್ತಿಲ್ಲ. ಕ್ಯಾಮೆರಾ ಕೈಜಾರಿ ಬಿತ್ತು. ನಾನು ಹೆಗಲಿಗೆ ನೇತುಹಾಕಿಕೊಂಡಿದ್ದ ಕ್ಯಾಮೆರಾದ ಟ್ರೈಪಾಡ್ ತೆಗೆದುಕೊಂಡು ಆ ಬೋಳುತಲೆಯವನ ಬೆನ್ನಿಗೆ ಎರಡು ಬಾರಿಸಿದೆ. ಆ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಕೆಳಗೆ ಬಿದ್ದ ಕ್ಯಾಮೆರಾ ಮಾತ್ರ ಆಕಾಶ ನೋಡಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಓಡುತ್ತಲೇ ಇತ್ತು.

ಮೇಲಿನ ನಾಲ್ಕು ಹಲ್ಲು, ಕೆಳಗಿನ ಎರಡು ಹೋದವು. ಸ್ಯಾಕ್ಸೋಫೋನನ್ನು ಮೇಲಿನ ಹಲ್ಲಲ್ಲಿ ಕಚ್ಚಿ, ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಮಡಿಸಿ ಊದಬೇಕು. ಕಚ್ಚಲು ಹಲ್ಲಿಲ್ಲ, ಕಿರುಬೆರಳು ಮಡಚುವುದಿಲ್ಲ. ಪೊಲೀಸರು ಆಸ್ಪತ್ರೆಗೆ ಬಂದು ಕೇಳಿದಾಗ ಅವನು ಊದಿಕೊಂಡ ಬಾಯಲ್ಲಿ "ಕಣ್ ಮುಚ್ಚಿದ್ದೆ ಸಾರ್, ಗೊತ್ತಾಗ್ಲಿಲ್ಲ" ಎಂದ. ನಾನೂ ಹಾಗೇ ಹೇಳಿಕೆ ಕೊಟ್ಟು ಸಹಿ ಹಾಕಿದೆ. ಊದುವಾಗ ಅವನಿಗೆ ಲೋಕದ ಪರಿವೆ ಇರುವುದಿಲ್ಲ, ನನಗೆ ಗೊತ್ತು ಎಂದೆ. ಒಂದು ಕಡೆಯವರು ಅವನು ಬೇಕಂತಲೇ ಊದಿದ ಅಂದರು. ಇನ್ನೊಂದು ಕಡೆಯವರು ಕುಡಿದಿದ್ದ ಅಂದರು. ಎಮ್ಮೆಗೆ ಜ್ವರ, ಎತ್ತಿಗೆ ಬರೆ. ಕ್ಯಾಸೆಟ್ಟನ್ನು ಸಾಕ್ಷಿ ಎಂದು ಸೀಲು ಮಾಡಿ ತೆಗೆದುಕೊಂಡು ಹೋದರು. ಮಾತು ಕೊಟ್ಟಿದ್ದೆನಲ್ಲ, ಒಂದಕ್ಷರ ಅಳಿಸುವುದಿಲ್ಲವೆಂದು. ಅಳಿಸಲಿಲ್ಲ, ಕೇಳಿಸಲೂ ಇಲ್ಲ.

ಯುಗಾದಿಗೆ ನಾನು ಕೆಲಸ ಬಿಟ್ಟೆ. ಸದ್ದು ಅಳಿಸಲು ಕೂತರೆ ಬೆರಳು ಮುಂದೆ ಹೋಗುತ್ತಿರಲಿಲ್ಲ. ಗೌರಿಬಿದನೂರಿಗೆ ಬಂದು ನನ್ನದೇ ಸಣ್ಣ ಫೋಟೋ ಅಂಗಡಿ ಇಟ್ಟೆ. ಮುಖ ನೋಡಬೇಕಾಗುತ್ತದೆಂದು ಕಲ್ಯಾಣದುರ್ಗದ ಕಡೆ ತಲೆ ಹಾಕಲಿಲ್ಲ. ನನ್ನ ಆಣೆಯನ್ನು ನಂಬಿ ಅವನು ಮೈಮರೆತ, ಹಲ್ಲು ಕಳೆದುಕೊಂಡ ಎಂಬ ಕೊರಗು ಹದಿನೈದು ವರ್ಷ ನನ್ನನ್ನು ತಿಂದಿತು. ಅತ್ತ ಆ ಎರಡು ಮನೆಯವರು ರಾಜಿಯಾದರು. ಸಾಕ್ಷಿಗಳೆಲ್ಲ ತಿರುಗಿದರು, ಕೇಸು ಬಿದ್ದುಹೋಯಿತು. ಈಗ ಒಂದು ಮನೆಯ ಹೆಣ್ಣು ಇನ್ನೊಂದು ಮನೆಯ ಸೊಸೆ. ಕೇಳಿದಾಗ ನನಗೆ ಮೈಯೆಲ್ಲಾ ಉರಿಯಿತು.

ಹೋದ ವರ್ಷ ನಾಗರಾಜಣ್ಣ ಫೋನ್ ಮಾಡಿದರು. ಸ್ಟುಡಿಯೋ ಮುಚ್ಚುತ್ತಿದ್ದರು. "ಆ ಕ್ಯಾಸೆಟ್ಟು ಕೋರ್ಟಿಂದ ವಾಪಸ್ ಬಂದು ಬೀರುನಾಗೆ ಬಿದ್ದೈತೆ ಕಣಮ್ಮ. ತಕಂಡ್ ಹೋಗು. ನಂಗೆ ಅದುನ್ನ ಬಿಸಾಕಾಕೂ ಭಯ" ಎಂದರು. ಹಾಗೆ ನಾನು ಮೆಣಸಿನಕಾಯಿಯ ಕಾಲದಲ್ಲಿ ಹಿಂದೂಪುರಕ್ಕೆ ಬಂದದ್ದು. ಹಳೇ ಯಂತ್ರ ಇಟ್ಟುಕೊಂಡಿದ್ದ ಒಬ್ಬರ ಹತ್ತಿರ ಅದನ್ನು ಫೋನಿಗೆ ಇಳಿಸಿಕೊಂಡು, ನೋಡುವ ಧೈರ್ಯವಾಗದೆ, ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಓಬುಳೇಶಣ್ಣ ಕಂಬದೂರು ರಸ್ತೆಯ ಒಂದು ಫಂಕ್ಷನ್ ಹಾಲಿನಲ್ಲಿ ವಾಚ್‌ಮನ್ ಆಗಿದ್ದ. ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಬಾಯಿ ಒಳಕ್ಕೆ ಹೋಗಿತ್ತು. ಒಳಗೆ ಸಂಜೆಯ ಮದುವೆಗೆ ಡಿಜೆಯವರು ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುತ್ತಿದ್ದರು. ಬಡಿತಕ್ಕೆ ಕುರ್ಚಿಯ ಕಾಲು ಅದುರುತ್ತಿತ್ತು.

ಅವನು ನನ್ನ ಕೆನ್ನೆ ನೋಡಿಯೇ ಗುರುತು ಹಿಡಿದ. "ವರಮ್ಮ ಅಲ್ವಾ? ಬಾ, ಕುಂತ್ಕೋ."

ನಾನು ಕೂರಲಿಲ್ಲ. "ತಂದಿದೀನಿ ಓಬುಳೇಶಣ್ಣ. ನನ್ನಿಂದ ನಿಂಗೆ ಹಿಂಗಾತು. ನಾನ್ ಆಸೆ ಹುಟ್ಟಿಸ್ದೆ, ನೀನ್ ಮೈಮರ್ತೆ" ಎಂದು ಒಂದೇ ಉಸಿರಿಗೆ ಹೇಳಿ ಅತ್ತುಬಿಟ್ಟೆ.

ಅವನು ಫೋನಿಗೆ ಕೈಚಾಚಿದ. ಇಬ್ಬರೂ ಬಗ್ಗಿ ನೋಡಿದೆವು. ಡಿಜೆ ಬಡಿತದಲ್ಲಿ ಫೋನಿನ ಸದ್ದು ಒಂದಿಷ್ಟೂ ಕೇಳುತ್ತಿರಲಿಲ್ಲ. ಚಿತ್ರವಷ್ಟೇ. ಬಿಸಿಲು, ಬಿಳೀ ಯೂನಿಫಾರಂ, ಮುಚ್ಚಿದ ಕಣ್ಣು. ಅವನ ಹಿಂದೆ ಕೋಲುಗಳು ಕೆಳಗಿಳಿದವು.

"ಈಗ ಕಣ್ ಬಿಡ್ತೀನಿ ನೋಡು" ಎಂದ ಓಬುಳೇಶಣ್ಣ.

ಪರದೆಯ ಮೇಲಿನ ಓಬುಳೇಶಣ್ಣ ಕಣ್ಣು ಬಿಟ್ಟ. ಮುಂದೆ ಎತ್ತಿ ಹಿಡಿದಿದ್ದ ಕರ್ಚೀಫು ನೋಡಿದ. ಪಕ್ಕಕ್ಕೆ ತಿರುಗಿ, ಸತ್ತವನಿಗೆ ಹಚ್ಚಿಟ್ಟ ದೀಪ ಉರಿಯುತ್ತಿದ್ದ ಆ ಜಗಲಿ ನೋಡಿದ. ಆಮೇಲೆ ನೆಟ್ಟಗೆ ಕ್ಯಾಮೆರಾ ನೋಡಿದ. ನೋಡಿ, ಮತ್ತೆ ಕಣ್ಣು ಮುಚ್ಚಿಕೊಂಡು ಊದಿದ.

"ನಿಂಗೆ ಗೊತ್ತಿತ್ತಾ?" ಎಂದು ಅವನ ಕಿವಿಯ ಹತ್ತಿರ ಕಿರುಚಿದೆ.

"ಗೊತ್ತಿತ್ತು ಕಣಮ್ಮ. ಮೂವತ್ತು ವರ್ಸ ಆ ಡೋಲಿನ್ ಕೆಳಗೇ ಸತ್ತಿದೀನಿ. ಅವತ್ತೊಂದಿನ ಅದು ನಿಂತೈತೆ, ನಿನ್ ಮಿಸಿನ್ನು ಓಡ್ತೈತೆ. ಹೆಂಗ್ ನಿಲ್ಸ್ಲಿ? ಹೊಡೀತಾರೆ ಅಂತ ಗೊತ್ತಿತ್ತು. ಆ ಮಾವನ ಕಣ್ಣು ಹೋಯ್ತದೆ ಅಂತ ಗೊತ್ತಿರ್ಲಿಲ್ಲ." ಅವನು ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡ. "ಆತ ಈಗ್ಲೂ ಇದೇ ದಾರ್ಯಾಗೆ ಹೋಯ್ತಾನೆ. ದಿನಾ ನೋಡ್ತೀನಿ."

ಇದೊಂದು ಮಾತು ಹೇಳಿ ಕಳಿಸದೆ ಈ ಮುದುಕ ನನ್ನನ್ನು ಹದಿನೈದು ವರ್ಷ ಕೊರಗಲು ಬಿಟ್ಟನಲ್ಲ ಎಂದು ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಕೈ ಎತ್ತಿಯೂ ಎತ್ತಿದೆ ಎಂದು ಕಾಣುತ್ತದೆ. ಅವನು ನನ್ನ ಕೈ ಹಿಡಿದು ಫೋನನ್ನು ಅದರಲ್ಲೇ ಇಟ್ಟ. "ನೋಡಿದ್ದಾತು. ಕೇಳ್ಲಿಲ್ವಲ್ಲಮ್ಮ" ಎಂದ.

ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಹಾಲಿನ ಗೋಡೆಯ ಕರೆಂಟ್ ಪೆಟ್ಟಿಗೆಯ ಬಾಗಿಲು ತೆಗೆದು, ಒಂದೊಂದಾಗಿ ಮೂರು ಫ್ಯೂಸು ಕಿತ್ತ. ಡಿಜೆ ಸತ್ತಿತು. ಇದ್ದಕ್ಕಿದ್ದ ಹಾಗೆ ಕಾಗೆಯ ಕೂಗು ಕೇಳಿಸಿತು. ಒಳಗಿಂದ "ಯಾವನ್ಲಾ ಅವ್ನು ಕರೆಂಟ್ ತೆಗ್ದೋನು?" ಎಂದು ನಾಲ್ಕೈದು ಜನ ಕೂಗಿದರು. ಕುರ್ಚಿ ಉರುಳಿದ ಸದ್ದು, ಆಮೇಲೆ ಬಾಗಿಲ ಕಡೆಗೆ ಓಡಿ ಬರುವ ಕಾಲುಗಳ ಸದ್ದು.

ಓಬುಳೇಶಣ್ಣ ಫ್ಯೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. ಕಣ್ಣು ಮುಚ್ಚಿಕೊಂಡ.

"ಅವ್ರು ಬರಾಕೆ ಒಂದ್ ನಿಮಿಷ ಐತೆ. ಹಾಕು, ವರಮ್ಮ."

ನಾನು ಹಾಕಿದೆ.